ಇದು ಯಾವ ಮೊಸಳೆ? ದೂರದಿಂದಲೇ ಗುರುತು ಹಿಡಿಯುವ ಸಮಗ್ರ ಮಾರ್ಗದರ್ಶಿ

ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದೆ. ಬಂಡೆಯ ಮೇಲೊಂದು ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು. ಎದುರಿಗೆ ಕೂತಿದ್ದ ಏಳೆಂಟು ವರ್ಷದ ಹುಡುಗಿ ಕೇಳಿದಳು: "ಅಪ್ಪಾ, ಇದು ಕ್ರೊಕೊಡೈಲಾ, ಅಲಿಗೇಟರಾ?" ಅಪ್ಪ ಮೊಬೈಲ್ ತೆಗೆದು ಹುಡುಕಿದರು. "ಮೂತಿ ಅಗಲ ಇದ್ರೆ ಅಲಿಗೇಟರ್ ಅಂತಿದೆ ಪುಟ್ಟಿ. ಇದರದ್ದು ಅಗಲನೇ ಇದೆ. ಅಲಿಗೇಟರ್ ಇರಬೇಕು." ಹುಟ್ಟು ಹಾಕುತ್ತಿದ್ದವರು ತಿರುಗಿಯೂ ನೋಡದೆ ಹೇಳಿದರು: "ಇಲ್ಲ ಸಾರ್, ಅದು ನಮ್ಮ ಕಾವೇರಿ ಮೊಸಳೆ."

ಅಪ್ಪ ಓದಿದ್ದೇನೋ ಸರಿಯಾಗೇ ಓದಿದ್ದರು. ಆ ಸೂತ್ರವೇ ನಮ್ಮ ಮೊಸಳೆಗೆ ಒಗ್ಗುವುದಿಲ್ಲ. 'ಇಂಗ್ಲಿಷಿನ ಯು ಆಕಾರದ ಮೂತಿ ಅಲಿಗೇಟರ್, ವಿ ಆಕಾರದ್ದು ಕ್ರೊಕೊಡೈಲ್' ಅನ್ನೋದು ಅಮೆರಿಕದ ಫ್ಲೋರಿಡಾಕ್ಕೆ ಸರಿಹೋಗುವ ಮಾತು. ಕರ್ನಾಟಕದ ನದಿಗಳಲ್ಲಿರುವ ಮೊಸಳೆಯ ಮೂತಿ ಅದರ ನೆಂಟರಲ್ಲೆಲ್ಲ ಅತಿ ಅಗಲ. ಬರೀ ಮೂತಿ ನೋಡಿ ತೀರ್ಪು ಕೊಟ್ಟರೆ ಎಡವುವುದು ಖಂಡಿತ. ಹುಟ್ಟು ಹಾಕುವವರಿಗೆ ಇದು ಹೇಗೆ ಗೊತ್ತಿತ್ತು? ಅವರು ಮೂತಿ ನೋಡಲೇ ಇಲ್ಲ. ತಾವು ಯಾವ ನದಿಯಲ್ಲಿದ್ದೇವೆ ಅನ್ನೋದನ್ನು ನೋಡಿದರು, ಅಷ್ಟೇ. ನಾವೂ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಮೊದಲು ಜಾಗ ನೋಡಿ

ಮೊಸಳೆ ಕುಲದಲ್ಲಿ ಈಗ ಬದುಕಿರುವ ಜಾತಿಗಳು 26ರಿಂದ 28. ಒಂದೇ ಸಂಖ್ಯೆ ಹೇಳಲು ಆಗದಿರುವುದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಇವುಗಳಲ್ಲಿ ಮೂರು ಮನೆತನ: ನಿಜವಾದ ಮೊಸಳೆಗಳು ಒಂದು, ಅಲಿಗೇಟರ್ ಮತ್ತು ಕೈಮನ್‌ಗಳದ್ದು ಇನ್ನೊಂದು, ಘರಿಯಾಲ್‌ಗಳದ್ದು ಮೂರನೆಯದು.

ಭಾರತದ ಕಾಡು-ನದಿಗಳಲ್ಲಿ ಇರುವುದು ಮೂರೇ ಜಾತಿ: ಮಗ್ಗರ್, ಉಪ್ಪುನೀರಿನ ಮೊಸಳೆ, ಘರಿಯಾಲ್. ಅಲಿಗೇಟರ್ ಒಂದೂ ಇಲ್ಲ. ಎಲ್ಲಾದರೂ ಕಂಡರೆ ಅದು ಮೃಗಾಲಯದ್ದು. ಮೂರೂ ಇರುವ ರಾಜ್ಯ ಒಡಿಶಾ ಒಂದೇ. ಅಲ್ಲಿ ಭಿತರ್‌ಕನಿಕಾದಲ್ಲಿ ಉಪ್ಪುನೀರಿನದು, ಮಹಾನದಿಯ ಸತ್‌ಕೋಸಿಯಾದಲ್ಲಿ ಘರಿಯಾಲ್, ಸಿಮ್ಲಿಪಾಲದಲ್ಲಿ ಮಗ್ಗರ್.

ಕರ್ನಾಟಕದಲ್ಲಿ ಕೆಲಸ ಇನ್ನೂ ಸುಲಭ. ಕಾವೇರಿ, ತುಂಗಭದ್ರಾ, ಕೃಷ್ಣಾ, ದಾಂಡೇಲಿಯ ಕಾಳಿ, ಎಲ್ಲೇ ಕಂಡರೂ ಅದು ಮಗ್ಗರ್. ಘರಿಯಾಲ್ ಮಹಾನದಿಯಿಂದ ಕೆಳಕ್ಕೆ ಬಂದಿಲ್ಲ. ಉಪ್ಪುನೀರಿನ ಮೊಸಳೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಈಗ ನೆಲೆ ಇಲ್ಲ. ಹಾಗಾಗಿ ಹಂಪಿಯಲ್ಲಿ ಹರಿಗೋಲು ಹತ್ತುವಾಗ ಜಾತಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೈ ನೀರಿಗೆ ಬಿಡದಿದ್ದರೆ ಸಾಕು.

ಹಾಗಾದರೆ ಉಳಿದ ಹೆಜ್ಜೆಗಳು ಯಾಕೆ? ಮೃಗಾಲಯಕ್ಕೆ ಹೋದಾಗ, ಸುಂದರಬನಕ್ಕೋ ಚಂಬಲ್‌ಗೋ ಪ್ರವಾಸ ಹೊರಟಾಗ, ಫ್ಲೋರಿಡಾದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಗಳು ಫೋಟೊ ಕಳಿಸಿದಾಗ ಬೇಕಾಗುತ್ತದೆ.

ಹೆಜ್ಜೆ 2: ಮೊಸಳೆಯೇ ಹೌದಾ?

ನಗಬೇಡಿ. ದೋಣಿಯಲ್ಲಿ "ಮೊಸಳೆ ಮೊಸಳೆ" ಅಂತ ಕೂಗಿದ್ದು ಮರದ ದಿಮ್ಮಿಯಾಗಿದ್ದು ನನಗೇ ಎಷ್ಟೋ ಸಲ ಆಗಿದೆ. ನೀರಲ್ಲಿ ತೇಲುವ ಮೊಸಳೆ ಪೂರ್ತಿ ಕಾಣುವುದಿಲ್ಲ. ಮುಂದೆ ಮೂಗಿನ ಹೊಳ್ಳೆಗಳ ಒಂದು ಉಬ್ಬು, ಸ್ವಲ್ಪ ಹಿಂದೆ ಎರಡು ಕಣ್ಣು, ಅದರ ಹಿಂದೆ ಬೆನ್ನಿನ ಗರಗಸ. ನಡುನಡುವೆ ನೀರು. ದಿಮ್ಮಿಯಾದರೆ ಹೀಗೆ ತುಂಡು ತುಂಡಾಗಿ, ಒಂದೇ ಗೆರೆಯಲ್ಲಿ ಕಾಣುವುದು ಅಪರೂಪ.

ಮರಿ ಮೊಸಳೆಯನ್ನು ಉಡ ಅಂದುಕೊಳ್ಳುವವರೂ ಇದ್ದಾರೆ, ಉಡವನ್ನು ಮರಿ ಮೊಸಳೆ ಅಂದುಕೊಳ್ಳುವವರಂತೂ ಜಾಸ್ತಿ. ಉಡದ ಕತ್ತು ಉದ್ದ, ನಾಲಗೆ ಹಾವಿನಂತೆ ಸೀಳು, ಅದನ್ನು ಪದೇಪದೇ ಹೊರಗೆ ಚಾಚುತ್ತದೆ. ಮೊಸಳೆಗೆ ನಾಲಗೆ ಹೊರಗೆ ಹಾಕಲು ಬರುವುದೇ ಇಲ್ಲ. ಅದು ಬಾಯಿಯ ತಳಕ್ಕೆ ಅಂಟಿಕೊಂಡಿರುತ್ತದೆ.

ಉದ್ದ ಎಷ್ಟಿರಬಹುದು ಅಂತ ಅಂದಾಜು ಮಾಡಲು ಒಂದು ಲೆಕ್ಕ ಇದೆ. ತಲೆಯ ಉದ್ದವನ್ನು ಏಳರಿಂದ ಗುಣಿಸಿ. ತಲೆ ಒಂದೂವರೆ ಅಡಿ ಇದ್ದರೆ ಪ್ರಾಣಿ ಹತ್ತು ಅಡಿಯ ಆಸುಪಾಸು. ಉದ್ದ ಮೂತಿಯ ಘರಿಯಾಲ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಭಯಪಟ್ಟವರ ಕಣ್ಣಳತೆಗೂ ನಡೆಯುವುದಿಲ್ಲ.

ಗಾತ್ರ, ಬಣ್ಣ ಎರಡನ್ನೂ ಗುರುತಿಗೆ ನಂಬಬೇಡಿ. ಒಂದೇ ಮೊಸಳೆ ಒದ್ದೆಯಾಗಿದ್ದಾಗ ಕಪ್ಪು, ಒಣಗಿದಾಗ ಬೂದು, ಕೆಸರಲ್ಲಿ ಹೊರಳಿದರೆ ಕೆಸರಿನ ಬಣ್ಣ.

ಹೆಜ್ಜೆ 3: ಮೂತಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಮೂತಿ ಹೇಳುವುದು ಊಟದ ಕಥೆಯನ್ನು. ಸಪೂರ ಮೂತಿ ಮೀನು ಹಿಡಿಯಲು, ಏಕೆಂದರೆ ನೀರೊಳಗೆ ಪಕ್ಕಕ್ಕೆ ಬೀಸಿದರೆ ತಡೆಯಾಗದು. ಅಗಲ ಮೂತಿ ಆಮೆ, ಜಿಂಕೆ, ಹಂದಿ, ಸಿಕ್ಕಿದ್ದನ್ನೆಲ್ಲ ಜಜ್ಜಲು. ಹೀಗಾಗಿ ಬೇರೆ ಬೇರೆ ಮನೆತನದವು ಒಂದೇ ಥರದ ಮೂತಿ ಬೆಳೆಸಿಕೊಂಡಿವೆ. ಆಸ್ಟ್ರೇಲಿಯಾದ ಸಿಹಿನೀರಿನ ಮೊಸಳೆಗೂ ಆಫ್ರಿಕಾದ ಸಪೂರಮೂತಿ ಮೊಸಳೆಗೂ ಉದ್ದ ಮೂತಿ ಇದೆ. ಅವು ಘರಿಯಾಲ್ ಅಲ್ಲ.

ಮೂತಿ ಒಂದರಿಂದಲೇ ಧೈರ್ಯವಾಗಿ ಹೇಳಬಹುದಾದ್ದು ಘರಿಯಾಲ್ ಮಾತ್ರ. ಅದರದ್ದು ಮೂತಿ ಅನ್ನುವುದಕ್ಕಿಂತ ಇಕ್ಕಳ ಅನ್ನಬೇಕು. ತಲೆ ಮುಗಿದಲ್ಲಿ ತಟ್ಟನೆ ಸಪೂರವಾಗಿ, ಕೋಲಿನಂತೆ ನೇರವಾಗಿ ಹೋಗುತ್ತದೆ. ಬೇರೆ ಉದ್ದಮೂತಿಗಳಲ್ಲಿ ಅದು ತಲೆಯಿಂದ ನಿಧಾನವಾಗಿ ಚೂಪಾಗುತ್ತದೆ.

ಹೆಜ್ಜೆ 4: ಬಾಯಿ ಮುಚ್ಚಿದಾಗ ಹಲ್ಲು ನೋಡಿ

ಅಂದು ಆ ಅಪ್ಪನಿಗೆ ಬೇಕಾಗಿದ್ದ ಹೆಜ್ಜೆ ಇದು. ಕೆಳದವಡೆಯ ನಾಲ್ಕನೇ ಹಲ್ಲು ದೊಡ್ಡದು. ನಿಜವಾದ ಮೊಸಳೆಯಲ್ಲಿ ಮೇಲ್ದವಡೆಗೆ ಆ ಜಾಗದಲ್ಲಿ ಒಂದು ಕಚ್ಚು ಇರುತ್ತದೆ. ಬಾಯಿ ಮುಚ್ಚಿದಾಗ ಹಲ್ಲು ಆ ಕಚ್ಚಿನಲ್ಲಿ ಕೂತು ಹೊರಗಿನಿಂದಲೇ ಕಾಣುತ್ತದೆ. ಮೂಗಿನ ಹೊಳ್ಳೆಗಳಿಂದ ಸ್ವಲ್ಪ ಹಿಂದೆ, ಮೂತಿ ಒಂಚೂರು ಒಳಕ್ಕೆ ಹಿಸುಕಿದಂತಿರುವ ಕಡೆ ನೋಡಿ. ಅಲಿಗೇಟರ್‌ನಲ್ಲಿ ಮೇಲ್ದವಡೆ ಅಗಲ. ಕೆಳಗಿನ ಹಲ್ಲುಗಳೆಲ್ಲ ಒಳಗಿನ ಗುಳಿಗಳಲ್ಲಿ ಅಡಗುತ್ತವೆ. ಹೊರಗೆ ಕಾಣುವುದು ಮೇಲಿನ ಸಾಲು ಮಾತ್ರ.

ಬಾಯಿ ತೆರೆದಿದ್ದರೆ? ಕಾಯಬೇಕು. ಬಿಸಿಲಲ್ಲಿ ಬಾಯಿ ತೆರೆದು ಮಲಗುವುದು ಯಾರನ್ನೋ ನುಂಗಲಿಕ್ಕಲ್ಲ, ತಲೆಯ ಶಾಖ ಇಳಿಸಿಕೊಳ್ಳಲಿಕ್ಕೆ. ಹಲ್ಲು ಮುರಿದಿರಲೂಬಹುದು. ಹಾಗಾಗಿ ಎರಡೂ ಕಡೆ ನೋಡಿದರೆ ಒಳ್ಳೆಯದು. ಬಿದ್ದ ಹಲ್ಲಿನ ಜಾಗಕ್ಕೆ ಹೊಸದು ಬರುತ್ತಲೇ ಇರುತ್ತದೆ.

ಹೆಜ್ಜೆ 5: ಹೆಕ್ಕತ್ತಿನ ಬಿಲ್ಲೆ ಎಣಿಸಿ

ಇದು ಬಲ್ಲವರ ಗುರುತು. ಬೈನಾಕ್ಯುಲರ್ ಅಥವಾ ಒಳ್ಳೆ ಜೂಮ್ ಇರುವ ಕ್ಯಾಮೆರಾ ಬೇಕು. ತಲೆ ಮುಗಿದ ಕೂಡಲೇ, ಕತ್ತಿನ ಮೇಲೆ ನೋಡಿ. ಮಗ್ಗರ್‌ಗೆ ಅಲ್ಲಿ ನಾಲ್ಕು ಗಟ್ಟಿ ಬಿಲ್ಲೆಗಳು ಅಡ್ಡಸಾಲಿನಲ್ಲಿ ಎದ್ದು ನಿಂತಿರುತ್ತವೆ. ಆಮೇಲೆ ಸ್ವಲ್ಪ ಬೋಳು ಜಾಗ. ಅದರಾಚೆ ದೊಡ್ಡ ಬಿಲ್ಲೆಗಳ ಒಂದು ಗುಂಪು: ಚೌಕಾಕಾರದಲ್ಲಿ ನಾಲ್ಕು, ಅಕ್ಕಪಕ್ಕ ಒಂದೊಂದು ಚಿಕ್ಕದು. ನಂತರ ಬೆನ್ನಿನ ಸಾಲುಗಳು.

ಉಪ್ಪುನೀರಿನ ಮೊಸಳೆಗೆ ತಲೆಯ ಹಿಂದಿನ ಆ ಮೊದಲ ಸಾಲು ಇರುವುದೇ ಇಲ್ಲ, ಇದ್ದರೂ ಗಮನಕ್ಕೆ ಬಾರದಷ್ಟು ಚಿಕ್ಕದು. ಹೆಕ್ಕತ್ತು ನುಣ್ಣಗೆ ಕಾಣುತ್ತದೆ. ಘರಿಯಾಲ್‌ಗೆ ಕತ್ತಿನ ಬಿಲ್ಲೆಗಳೂ ಬೆನ್ನಿನವೂ ನಡುವೆ ಬಿಡುವಿಲ್ಲದೆ ಒಂದೇ ಹಾಸಾಗಿ ಸಾಗುತ್ತವೆ. ಈ ಮೂರು ಚಿತ್ರ ಮನಸ್ಸಿನಲ್ಲಿದ್ದರೆ ಭಾರತದ ಮೊಸಳೆಗಳ ಮಟ್ಟಿಗೆ ನಿಮ್ಮನ್ನು ಯಾರೂ ಯಾಮಾರಿಸಲು ಆಗದು.

ಈಗ ನಮ್ಮ ಮೂವರನ್ನು ಹತ್ತಿರದಿಂದ ನೋಡೋಣ

ಮಗ್ಗರ್ ಅನ್ನುವ ಹೆಸರು ಹಿಂದಿಯ 'ಮಗರ್'ನಿಂದ, ಅದು ಸಂಸ್ಕೃತದ 'ಮಕರ'ದಿಂದ ಬಂದದ್ದು. ನಮ್ಮ ಹಳೆಗನ್ನಡದಲ್ಲಿ ನೆಗಳು. ಹಳೇಬೀಡಿನ ಗೋಡೆಯ ಕೆಳಪಟ್ಟಿಯಲ್ಲಿ ಸಾಲಾಗಿ ಮಕರಗಳಿವೆ. ಆದರೆ ಶಿಲ್ಪಿಗಳ ಮಕರ ಹಲವು ಪ್ರಾಣಿಗಳನ್ನು ಸೇರಿಸಿ ಮಾಡಿದ್ದು. ಅದನ್ನು ನೋಡಿ ಜಾತಿ ಹೇಳಲು ಹೋಗಬೇಡಿ.

ಗಂಡು ಸಾಮಾನ್ಯವಾಗಿ 3ರಿಂದ 3.5 ಮೀಟರ್, ಹೆಣ್ಣು ಇನ್ನೂ ಚಿಕ್ಕದು. 5 ಮೀಟರ್ ಮುಟ್ಟುವುದು ತೀರಾ ಅಪರೂಪ. ಇರಾನಿನ ಬಲೂಚಿಸ್ತಾನದಿಂದ ಶ್ರೀಲಂಕಾದವರೆಗೆ ಹರಡಿದೆ. ನದಿ, ಕೆರೆ, ಜಲಾಶಯ, ಊರೊಳಗಿನ ಕೊಳಕು ನೀರು, ಯಾವುದಾದರೂ ಆದೀತು. ಗುಜರಾತಿನ ವಡೋದರಾ ನಗರದ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲೂ ಇವು ಸಾಕಷ್ಟಿವೆ. ಬೇಸಿಗೆಯಲ್ಲಿ ನೀರು ಬತ್ತಿದರೆ ದಡದಲ್ಲಿ ಬಿಲ ತೋಡಿ ಒಳಗೆ ಸೇರುತ್ತದೆ. ಬೇರೆ ನೀರು ಹುಡುಕಿಕೊಂಡು ರಾತ್ರಿ ನೆಲದ ಮೇಲೆ ನಡೆದುಹೋಗುವುದೂ ಉಂಟು. ಗದ್ದೆಯಲ್ಲಿ ಮೊಸಳೆ ಬಂತು ಅನ್ನುವ ಸುದ್ದಿಗಳ ಹಿಂದೆ ಎಷ್ಟೋ ಸಲ ಇರುವುದು ಈ ನಡಿಗೆ.

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಬಬಿಯಾ ನೆನಪಿದೆಯಲ್ವಾ? ನೈವೇದ್ಯದ ಅನ್ನ ತಿನ್ನುತ್ತಿತ್ತು ಅಂತ ಹೆಸರಾಗಿದ್ದ ಆ ಮೊಸಳೆಯೂ ಮಗ್ಗರೇ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಭಕ್ತಿ ಭಕ್ತಿಯ ಜಾಗದಲ್ಲಿರಲಿ. ಮಗ್ಗರ್ ಮಾತ್ರ ಹುಟ್ಟಾ ಮಾಂಸಾಹಾರಿ. ಕೆರೆಯಲ್ಲಿ ಮೀನಿಗೇನು ಬರ?

ಮಗ್ಗರ್ ದಡ್ಡ ಪ್ರಾಣಿ ಅಲ್ಲ ಅನ್ನುವುದಕ್ಕೆ ಒಂದು ಕುತೂಹಲದ ಕಥೆ ಇದೆ. ಮಹಾಬಲಿಪುರದ ದಾರಿಯಲ್ಲಿ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಇದೆಯಲ್ಲ, ರೊಮುಲಸ್ ವಿಟೇಕರ್ ಮತ್ತು ಸಂಗಡಿಗರು 1976ರಲ್ಲಿ ಕಟ್ಟಿದ್ದು. ಅಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮರದಡಿಯ ಕೊಳದಲ್ಲಿ ಮಗ್ಗರ್‌ಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು ಅಲ್ಲಾಡದೆ ಬಿದ್ದಿರುವುದನ್ನು ನೋಡಿದ್ದಾರೆ. ಗೂಡಿಗೆ ಕಡ್ಡಿ ಹುಡುಕುವ ಹಕ್ಕಿ ಬಂದರೆ ಗಬಕ್. 2013ರಲ್ಲಿ ಇದು ಪ್ರಕಟವಾಯಿತು. ಕಡ್ಡಿ ತಾನಾಗೇ ಬಿದ್ದಿದ್ದರೆ ಅಂತ ಅನುಮಾನಿಸುವ ವಿಜ್ಞಾನಿಗಳೂ ಇದ್ದಾರೆ. ಅಂದಿನಿಂದ ರಂಗನತಿಟ್ಟಿಗೆ ಹೋದಾಗಲೆಲ್ಲ ನಾನು ಹಕ್ಕಿಗಿಂತ ಮೊದಲು ಮೊಸಳೆಯ ಮೂತಿ ಮೇಲೆ ಕಡ್ಡಿ ಇದೆಯಾ ಅಂತ ನೋಡುತ್ತೇನೆ. ಇನ್ನೂ ಸಿಕ್ಕಿಲ್ಲ.

ಮೊಟ್ಟೆ ಇಡುವುದು ಬೇಸಿಗೆಗೆ ಮುಂಚೆ, ದಡದಲ್ಲಿ ತೋಡಿದ ಗುಂಡಿಯಲ್ಲಿ, ಸುಮಾರು 25–30. ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನಿಸುವುದು ಮಣ್ಣಿನ ಬಿಸಿ. 32 ಡಿಗ್ರಿ ಆಸುಪಾಸಿದ್ದರೆ ಗಂಡು ಜಾಸ್ತಿ, ಅದಕ್ಕಿಂತ ತಂಪಾದರೆ ಹೆಣ್ಣು. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ತಾಯಿ ಗುಂಡಿ ಬಗೆದು, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಬಿಡುತ್ತದೆ. ಹಿಂದೆಲ್ಲ ಇದನ್ನು ನೋಡಿದವರು, ತನ್ನ ಮರಿಯನ್ನೇ ತಿನ್ನುತ್ತಿದೆ ಅಂದುಕೊಳ್ಳುತ್ತಿದ್ದರು.

ಉಪ್ಪುನೀರಿನ ಮೊಸಳೆ ಬದುಕಿರುವ ಸರೀಸೃಪಗಳಲ್ಲೇ ದೊಡ್ಡದು. ಫಿಲಿಪ್ಪೀನ್ಸ್‌ನಲ್ಲಿ 2011ರಲ್ಲಿ ಹಿಡಿದ ಲೊಲೊಂಗ್ ಅನ್ನುವ ಗಂಡು 6.17 ಮೀಟರ್ ಉದ್ದ, 1,075 ಕಿಲೊ ಇತ್ತು. ತಲೆಯಲ್ಲಿ ಒಂದು ಸುಲಭದ ಗುರುತಿದೆ: ಕಣ್ಣಿನ ಮುಂದಿನಿಂದ ಮೂತಿಯ ಉದ್ದಕ್ಕೂ ಎರಡು ಉಬ್ಬುಗೆರೆ. ನಾಲಗೆಯ ಮೇಲಿನ ಗ್ರಂಥಿಗಳು ಮೈಯ ಹೆಚ್ಚುವರಿ ಉಪ್ಪನ್ನು ಹೊರಹಾಕುತ್ತವೆ, ಅದಕ್ಕೇ ಸಮುದ್ರ ದಾಟುವ ಧೈರ್ಯ. ಒಡಿಶಾದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಇದರ ಸೀಮೆ. ಗೂಡು ಗುಂಡಿಯಲ್ಲ, ಹುಲ್ಲು-ಸೊಪ್ಪು-ಮಣ್ಣಿನ ದಿಬ್ಬ, ಅದೂ ಮಳೆಗಾಲದಲ್ಲಿ. ತಾಯಿ ಪಕ್ಕದಲ್ಲೇ ಕಾವಲು. ಭಿತರ್‌ಕನಿಕಾದಲ್ಲಿ 1975ರಲ್ಲಿ ಮೊಸಳೆ ಯೋಜನೆ ಶುರುವಾದಾಗ ನೂರರೊಳಗಿದ್ದವು. ಈಗಿನ ಗಣತಿಯಲ್ಲಿ 1,700ಕ್ಕೂ ಹೆಚ್ಚು. ಖುಷಿಯ ಸುದ್ದಿ, ಆದರೆ ಆ ಹಳ್ಳಿಗಳಲ್ಲಿ ಹೊಳೆಗಿಳಿದು ಪಾತ್ರೆ ತೊಳೆಯುವವರಿಗೆ ಅಲ್ಲ.

ಘರಿಯಾಲ್ ನನಗೆ ಈ ಮೂರರಲ್ಲಿ ಹೆಚ್ಚು ಇಷ್ಟ. ಸುಮಾರು 110 ಹಲ್ಲು, ಎಲ್ಲವೂ ಸೂಜಿಯಂತೆ. ಬಲಿತ ಗಂಡಿನ ಮೂತಿಯ ತುದಿಯಲ್ಲಿ ಮಡಕೆಯಂಥ ಗಂಟು ಬೆಳೆಯುತ್ತದೆ. ಹಿಂದಿಯಲ್ಲಿ ಘಡಾ ಅಂದರೆ ಮಡಕೆ, ಹೆಸರು ಬಂದದ್ದು ಅಲ್ಲಿಂದ. ದೂರದಿಂದ ನೋಡಿಯೇ ಗಂಡು-ಹೆಣ್ಣು ಹೇಳಬಹುದಾದ ಮೊಸಳೆ ಇದೊಂದೇ. ಕಾಲುಗಳು ಬಡಕಲು. ದೊಡ್ಡದಾದ ಮೇಲೆ ಬೇರೆ ಮೊಸಳೆಗಳಂತೆ ಮೈ ಎತ್ತಿ ನಡೆಯಲು ಆಗದೆ ಹೊಟ್ಟೆಯ ಮೇಲೆ ತೆವಳುತ್ತದೆ. ಹಾಗಾಗಿ ಹರಿಯುವ ನದಿ, ಮರಳಿನ ದಿಣ್ಣೆ ಬಿಟ್ಟು ಬೇರೆಡೆ ಬದುಕು ಕಷ್ಟ. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದರೆ, ಮರಳು ಎತ್ತಿದರೆ, ಮೀನಿನ ಬಲೆ ಹಾಕಿದರೆ ಮೊದಲು ಹೋಗುವುದು ಇದು. ಈಗ ಉಳಿದಿರುವವುಗಳಲ್ಲಿ ಹೆಚ್ಚಿನ ಪಾಲು ಚಂಬಲ್ ನದಿಯದ್ದು. ಅಲ್ಲಿ ಜೂನ್ ಹೊತ್ತಿಗೆ ಹೋದರೆ, ಬೆನ್ನ ತುಂಬ ಮರಿ ಹೊತ್ತು ನೀರಲ್ಲಿ ನಿಂತ ಗಂಡು ಘರಿಯಾಲ್ ನೋಡುವ ಅದೃಷ್ಟ ಸಿಕ್ಕರೂ ಸಿಗಬಹುದು.

ಹೆಜ್ಜೆ 6: ಪರದೇಶದ ಫೋಟೊ ಬಂದರೆ

ಇಲ್ಲೂ ಮೊದಲ ಪ್ರಶ್ನೆ ಒಂದೇ: ತೆಗೆದದ್ದು ಎಲ್ಲಿ?

ಅಮೆರಿಕದ ಆಗ್ನೇಯ ರಾಜ್ಯಗಳಾದರೆ ಬಹುಪಾಲು ಅಲಿಗೇಟರ್. ಕಪ್ಪು ಮೈ, ಅಗಲ ಮೂತಿ, ಹಲ್ಲು ಒಳಗೆ. ಚಳಿ ತಡೆಯುತ್ತದೆ. ಕೆರೆ ಹೆಪ್ಪುಗಟ್ಟಿದರೆ ಮೂಗಿನ ತುದಿಯನ್ನು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡು ಸುಮ್ನೆ ಇದ್ದುಬಿಡುತ್ತದೆ. ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಮಾತ್ರ ಎಚ್ಚರ. ಅಲಿಗೇಟರ್ ಮತ್ತು ಅಮೆರಿಕನ್ ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗಿರುವ ಜಾಗ ಪ್ರಪಂಚದಲ್ಲಿ ಅದೊಂದೇ. ಯು-ವಿ ಸೂತ್ರ ಹುಟ್ಟಿದ್ದು ಇಂಥ ಕಡೆಗೇ. ಅಲಿಗೇಟರ್‌ನ ಇನ್ನೊಂದು ಜಾತಿ ಚೀನಾದ ಯಾಂಗ್ಟ್ಸೆ ಬಯಲಿನಲ್ಲಿದೆ, ಚಿಕ್ಕದು, ಅಳಿವಿನಂಚಿನಲ್ಲಿದೆ.

ದಕ್ಷಿಣ ಅಮೆರಿಕದ್ದಾದರೆ ಕೈಮನ್ ಇರಬಹುದು, ಆರು ಜಾತಿ. ಕಪ್ಪು ಕೈಮನ್ ದೊಡ್ಡದು. ಕುಬ್ಜ ಕೈಮನ್ ಒಂದೂವರೆ ಮೀಟರ್ ಆದರೆ ಹೆಚ್ಚು. ಪಂತನಾಲ್ ಜೌಗಿನಲ್ಲಿ ಜಾಗ್ವಾರ್ ಬಾಯಿಗೆ ಬೀಳುವ ಮೊಸಳೆಯ ವಿಡಿಯೊ ನೋಡಿರುತ್ತೀರಿ. ಅದು ಯಕಾರೆ ಕೈಮನ್. ವೆನೆಜುವೆಲಾ, ಕೊಲಂಬಿಯಾದ ಒರಿನೊಕೊ ಮೊಸಳೆ, ಕ್ಯೂಬಾದ ಸಪಾಟಾ ಜೌಗಿನ ಕ್ಯೂಬನ್ ಮೊಸಳೆ, ಎರಡೂ ಈಗ ಬಹಳ ಕಡಿಮೆ.

ಆಫ್ರಿಕಾದ ಕಥೆ ಸ್ವಲ್ಪ ಬೇರೆ. ಅಲ್ಲಿನ ದೊಡ್ಡ ಮೊಸಳೆಗಳೆಲ್ಲ ನೈಲ್ ಮೊಸಳೆ ಅಂತ ಬಹಳ ಕಾಲ ಬರೆಯುತ್ತಿದ್ದರು. 1807ರಲ್ಲೇ ಒಬ್ಬ ಫ್ರೆಂಚ್ ವಿಜ್ಞಾನಿ, ಈಜಿಪ್ಟಿನ ಮೊಸಳೆ ಮಮ್ಮಿಗಳನ್ನು ನೋಡಿ, ಇದು ಬೇರೆ ಜಾತಿ ಅಂದಿದ್ದ. ಯಾರೂ ಕೇಳಲಿಲ್ಲ. 2011ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವನ ಮಾತೇ ನಿಜವಾಯಿತು: ಪಶ್ಚಿಮ ಆಫ್ರಿಕಾದ ಮೊಸಳೆ ಬೇರೆಯೇ ಜಾತಿ. 2018ರಲ್ಲಿ ಸಪೂರಮೂತಿ ಮೊಸಳೆ ಎರಡಾಯಿತು, 2019ರಲ್ಲಿ ನ್ಯೂಗಿನಿ ಮೊಸಳೆಯೂ ಎರಡಾಯಿತು. ಕುಬ್ಜ ಮೊಸಳೆಯನ್ನು ಎಷ್ಟು ಜಾತಿ ಮಾಡಬೇಕು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ಸಂಖ್ಯೆ ಒಂದೇ ಕಡೆ ನಿಲ್ಲದಿರುವುದು ಇದಕ್ಕೇ. ಹಳೆ ಪುಸ್ತಕದಲ್ಲಿ 23 ಅಂತ ಇದ್ದರೆ ಅದು ಆ ಕಾಲಕ್ಕೆ ಸರಿ.

ಆಗ್ನೇಯ ಏಷ್ಯಾದಲ್ಲಿ ಸಯಾಮಿ ಮೊಸಳೆ, ಫಿಲಿಪ್ಪೀನ್ ಮೊಸಳೆ, ಮಲಯಾ-ಇಂಡೊನೇಷ್ಯಾ ಕಡೆಯ ಹುಸಿ ಘರಿಯಾಲ್. ಆಸ್ಟ್ರೇಲಿಯಾದಲ್ಲಿ ಎರಡೇ: ದೈತ್ಯ ಉಪ್ಪುನೀರಿನದು ಮತ್ತು ಸಪೂರ ಮೂತಿಯ ಸಿಹಿನೀರಿನದು. ಎರಡನೆಯದಕ್ಕೆ ಹೊರಗಿನಿಂದ ತಂದು ಬಿಟ್ಟ ವಿಷಗಪ್ಪೆಗಳೇ ಕಂಟಕ. ತಿಂದರೆ ಸಾಯುತ್ತದೆ.

ಹೆಜ್ಜೆ 7: ಯಾವಾಗ, ಎಷ್ಟು ದೂರದಿಂದ

ನಮ್ಮಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ರಾತ್ರಿಯ ಚಳಿಗೆ ಮೈ ತಣ್ಣಗಾಗಿರುತ್ತದೆ, ಬಿಸಿಲೇರಿದಂತೆ ಬಂಡೆ ಹತ್ತುತ್ತವೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ನನ್ನ ಇಷ್ಟದ ಹೊತ್ತು. ಗಣತಿ ಮಾಡುವವರು ರಾತ್ರಿ ಟಾರ್ಚ್ ಹಿಡಿದು ಹೋಗುತ್ತಾರೆ. ಬೆಳಕು ಬಿದ್ದರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ನೀವು ಹಾಗೆ ಹೋಗಬೇಡಿ. ಮರಳಿನ ಮೇಲೆ ಎರಡು ಕಡೆ ಕಾಲ್ಗುರುತು, ನಡುವೆ ಬಾಲ ಎಳೆದ ಗೆರೆ ಕಂಡರೆ ಅದು ಮೊಸಳೆ ನೀರಿಗಿಳಿಯುವ ದಾರಿ. ಅಲ್ಲಿಂದ ಹಿಂದೆ ಸರಿಯಿರಿ.

ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುವುದು ಎಲ್ಲಕ್ಕಿಂತ ಅಪಾಯ. ಕೂತ ಮನುಷ್ಯ ಅದರ ಕಣ್ಣಿಗೆ ಚಿಕ್ಕ ಪ್ರಾಣಿ. ಮುಸ್ಸಂಜೆಯಲ್ಲಿ ಬಟ್ಟೆ ಒಗೆಯುವುದು, ದಡದಲ್ಲೇ ಕೋಳಿ-ಮೀನಿನ ತ್ಯಾಜ್ಯ ಎಸೆಯುವುದು ಬೇಡ. ಒಂದು ಸಲ ಊಟ ಸಿಕ್ಕ ಜಾಗವನ್ನು ಮೊಸಳೆ ಮರೆಯುವುದಿಲ್ಲ. ಮೂರು ಜಾತಿಗಳೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹಿಡಿಯುವುದು, ಹೊಡೆಯುವುದು, ಮೊಟ್ಟೆ ಮುಟ್ಟುವುದು ಅಪರಾಧ. ಹೊಲಕ್ಕೋ ಊರ ಕೆರೆಗೋ ಬಂದರೆ ಜನರನ್ನೂ ನಾಯಿಗಳನ್ನೂ ದೂರ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಅದು ಯಾವ ಕಡೆ ಹೋಯಿತು ಅಂತ ದೂರದಿಂದ ಒಬ್ಬರು ಕಣ್ಣಿಟ್ಟಿರಲಿ. ಫೋಟೊ ತೆಗೆಯುವುದಾದರೆ ಅಲ್ಲಿಂದಲೇ ತೆಗೆಯಿರಿ, ಮೂತಿಯ ಪಕ್ಕದ್ದೊಂದು, ಹೆಕ್ಕತ್ತಿನದ್ದೊಂದು.